ಸ್ಟಾರ್ ಕೊಳ್ಳೋದಾ, ಬೆಂಚು ಬೆಳೆಸೋದಾ? ಕಾಲೇಜು ಫುಟ್ಬಾಲ್ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದ ಕಾಲೇಜು ಫುಟ್ಬಾಲ್ ನೋಡುವ ಕನ್ನಡಿಗರಿಗಾಗಿ ಇವತ್ತು ರೋಸ್ಟರ್ (ತಂಡದ ಆಟಗಾರರ ಪಟ್ಟಿ) ವಿಶ್ಲೇಷಕರು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಡಲ್ಲಾಸ್ ತಮ್ಮ: ಸರ್, ಕಾಲೇಜು ತನ್ನ ಆಟಗಾರರಿಗೆ ಕೊಡಬಹುದಾದ ದುಡ್ಡಿನ ಮಿತಿ, ಅಂದ್ರೆ ಕ್ಯಾಪ್, 20.5 ಮಿಲಿಯನ್ ಡಾಲರ್ ಅಂತಾರಲ್ಲ. ಅದರಲ್ಲಿ ನಾಲ್ಕು ದೊಡ್ಡ ಹೆಸರು ಹಾಕ್ಕೊಂಡು ಉಳಿದ ಜಾಗಕ್ಕೆಲ್ಲ ಹೈಸ್ಕೂಲ್ ಹುಡುಗರನ್ನ ತುಂಬಿದ್ರೆ ಆಗಲ್ವಾ?

ವಿಶ್ಲೇಷಕರು: ಅದು 2025-26ರ ಲೆಕ್ಕ, ಕಾಲೇಜಿನ ಎಲ್ಲ ಆಟಗಳಿಗೂ ಸೇರಿ. ಫುಟ್ಬಾಲ್‌ಗೆ ಮುಕ್ಕಾಲು ಪಾಲು ಅಂತ ಹಿಡಿದರೆ ಸುಮಾರು 15 ಮಿಲಿಯನ್. ನಾಲ್ಕು ಸ್ಟಾರ್‌ಗಳಿಗೆ 6 ಮಿಲಿಯನ್ ಹೋದರೆ, ರೋಸ್ಟರ್ ಮಿತಿ 105 ಆದ್ದರಿಂದ, ಉಳಿದ 101 ಜನಕ್ಕೆ 9 ಮಿಲಿಯನ್. ತಲೆಗೆ 89 ಸಾವಿರ ಚಿಲ್ಲರೆ. ನಿಮ್ಮ ಏಳನೇ ಲೈನ್‌ಮನ್‌ಗೆ (ಎದುರಾಳಿಯನ್ನ ತಡೆಯೋ ಮುಂದಿನ ಸಾಲಿನವ) ಇನ್ನೊಂದು ಕಾಲೇಜು ಅದರ ಎರಡರಷ್ಟು ಕೊಡ್ತೀನಿ ಅಂದರೆ ಪೋರ್ಟಲ್ (ಕಾಲೇಜು ಬದಲಿಸೋರ ಪಟ್ಟಿ) ತೆರೆದ ದಿನವೇ ಅವನ ಹೆಸರು ಅಲ್ಲಿರುತ್ತೆ. ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಹೂಸ್ಟನ್ ಗೆಳೆಯ: ಕ್ಯೂಬಿಗೆ, ಅಂದ್ರೆ ಚೆಂಡು ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್‌ಗೆ, ಎಷ್ಟು ಕೊಡಬಹುದು ಸರ್?

ವಿಶ್ಲೇಷಕರು: ಫುಟ್ಬಾಲ್ ಪಾಲಿನ ಆರನೇ ಒಂದು ಭಾಗ ದಾಟಬೇಡಿ.

ಕೊಲಂಬಸ್ ಅಕ್ಕ: 2024ರಲ್ಲಿ ಓಹಾಯೋ ಸ್ಟೇಟ್ ಚಾಂಪಿಯನ್ ಆದದ್ದು ಡೌನ್ಸ್, ಜಡ್ಕಿನ್ಸ್, ವಿಲ್ ಹೋವರ್ಡ್ ಅವರನ್ನ ಹೊರಗಿಂದ ತಂದಿದ್ದಕ್ಕೇ ಅಲ್ವಾ? ಡೆಪ್ತ್, ಅಂದ್ರೆ ಬೆಂಚಿನ ಬಲ, ಅಂತ ಸುಮ್ನೆ ಹೇಳ್ತಾರೆ ಅನ್ಸುತ್ತೆ.

ವಿಶ್ಲೇಷಕರು: ಇದಕ್ಕೆ ಉದ್ದ ಉತ್ತರ ಬೇಕು. ಆ ಮೂವರ ಜೊತೆ ಕಾರ್ಸನ್ ಹಿಂಜ್‌ಮನ್‌ನನ್ನೂ ನೋಡಿ. 2023ರಲ್ಲಿ ಸೆಂಟರ್ (ಲೈನ್ ನಡುವೆ ನಿಂತು ಕ್ಯೂಬಿಗೆ ಚೆಂಡು ಕೊಡೋವ) ಅವನೇ. ಅಲಬಾಮಾದಿಂದ ಸೆತ್ ಮೆಕ್‌ಲಾಫ್ಲಿನ್ ಬಂದ, ಇವನ ಜಾಗ ಹೋಯ್ತು. ಪೋರ್ಟಲ್‌ಗೆ ಹೋಗಬಹುದಿತ್ತು, ಹೋಗಲಿಲ್ಲ.

ಅಕ್ಟೋಬರ್ 12ರಂದು ಒರೆಗಾನ್ ವಿರುದ್ಧ ಲೆಫ್ಟ್ ಟ್ಯಾಕಲ್ (ಲೈನ್‌ನ ಎಡ ತುದಿಯವ) ಜಾಶ್ ಸಿಮನ್ಸ್ ಮಂಡಿ ಹೋಯ್ತು. ನೆಬ್ರಾಸ್ಕಾ ಎದುರು ಬದಲಿ ಟ್ಯಾಕಲ್ ತಿಣುಕಿದ, ಕೊನೆಗೆ ಅವನಿಗೂ ಪೆಟ್ಟು. ಗೆದ್ದದ್ದು 21-17. ಮುಂದಿನ ವಾರ ಪೆನ್ ಸ್ಟೇಟ್. ಲೆಫ್ಟ್ ಗಾರ್ಡ್ (ಸೆಂಟರ್ ಮತ್ತು ಟ್ಯಾಕಲ್ ನಡುವಿನವ) ಡಾನವನ್ ಜ್ಯಾಕ್ಸನ್ ಟ್ಯಾಕಲ್‌ಗೆ ಸರಿದ, ಹಿಂಜ್‌ಮನ್ ಗಾರ್ಡ್‌ಗೆ ಬಂದ. ಇಂಡಿಯಾನಾ ಪಂದ್ಯದ ವಾರ ಅಭ್ಯಾಸದಲ್ಲಿ ಮೆಕ್‌ಲಾಫ್ಲಿನ್‌ನ ಅಕಿಲೀಸ್ (ಹಿಮ್ಮಡಿಯ ಸ್ನಾಯುರಜ್ಜು) ಹರೀತು. ಹಿಂಜ್‌ಮನ್ ಮತ್ತೆ ಸೆಂಟರ್.

ಗಾರ್ಡ್‌ಗೆ ಎರಡೂ ಪಕ್ಕದಲ್ಲಿ ಜೊತೆಗಾರರಿರ್ತಾರೆ. ಟ್ಯಾಕಲ್‌ನ ಹೊರಬದಿ ಖಾಲಿ. ಹಿಂದಕ್ಕೆ ಇಡೋ ಮೊದಲ ಎರಡು ಹೆಜ್ಜೆ ತಡವಾದರೆ ಎಡ್ಜ್ ರಷರ್ (ಹೊರಬದಿಯಿಂದ ಕ್ಯೂಬಿ ಮೇಲೆ ನುಗ್ಗೋ ಎದುರಾಳಿ) ಭುಜ ದಾಟಿರ್ತಾನೆ. ಎಡದಿಂದ ಬಲಕ್ಕೆ ಹಾಕಿದರೆ ಕಾಲಿನ ಅಭ್ಯಾಸವೇ ಉಲ್ಟಾ. ಇದನ್ನ ಒಂದು ವಾರದಲ್ಲಿ ಕಲಿಸೋದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಆದ್ದರಿಂದ ಆಗಸ್ಟ್ ಕ್ಯಾಂಪ್‌ನಲ್ಲೇ ಎಂಟು ಲೈನ್‌ಮನ್ ಸಿದ್ಧ ಆಗಬೇಕು: ಐದು ಸ್ಟಾರ್ಟರ್, ಎರಡೂ ಬದಿ ಆಡೋ ಒಬ್ಬ ಟ್ಯಾಕಲ್, ಗಾರ್ಡ್ ಆಡಬಲ್ಲ ಎರಡನೇ ಸೆಂಟರ್, ಬೆಳೆಯುತ್ತಿರೋ ಒಬ್ಬ ಹುಡುಗ. ಎರಡನೇ ಸೆಂಟರ್ ದಿನಾ ಸ್ಟಾರ್ಟರ್ ಕ್ಯೂಬಿಗೇ 25 ಸ್ನ್ಯಾಪ್ (ಕಾಲ ನಡುವಿಂದ ಚೆಂಡು ಹಿಂದಕ್ಕೆ ಕೊಡೋದು) ಹಾಕಬೇಕು, ಅದರಲ್ಲಿ 10 ಒದ್ದೆ ಚೆಂಡಲ್ಲಿ. ಚೆಂಡು ಹೊಟ್ಟೆ ಮಟ್ಟಕ್ಕೆ ಬರಬೇಕು. ಎದೆಯಿಂದ ಮೇಲೆ ಬಂದರೆ ಕ್ಯೂಬಿ ಕಣ್ಣು ಸೇಫ್ಟಿ (ಎದುರಾಳಿಯ ಹಿಂದಿನ ಕಾವಲುಗಾರ) ಮೇಲಿಂದ ಚೆಂಡಿಗೆ ಜಾರುತ್ತೆ, ಆರ್‌ಪಿಒ (ಓಡೋದಾ ಎಸೆಯೋದಾ ಅಂತ ಆ ಕ್ಷಣ ನೋಡಿ ನಿರ್ಧರಿಸೋ ಆಟ) ಕೆಡುತ್ತೆ. ಅದನ್ನ ನೋಡಿ ಜನ ಕ್ಯೂಬಿ ಸರಿ ಇಲ್ಲ ಅಂತಾರೆ.

ಜಾಗ ಕಳ್ಕೊಂಡ ಮೇಲೂ ಉಳಿಯೋವನೇ ನಿಜವಾದ ಡೆಪ್ತ್. ಉಳಿಸಿಕೊಳ್ಳೋಕೆ ದುಡ್ಡು ಬೇಕು. ಆ ದುಡ್ಡು ಸ್ಟಾರ್ ಸಂಬಳದಲ್ಲಿ ಕರಗಿ ಹೋಗಿರಬಾರದು.

ಆನ್ ಆರ್ಬರ್ ಅಣ್ಣ: ಇಷ್ಟೆಲ್ಲ ಡೆಪ್ತ್ ಇಟ್ಕೊಂಡು ಮಿಷಿಗನ್ ಹತ್ರ 13-10 ಸೋತ್ರಲ್ಲ 😀

ಕೊಲಂಬಸ್ ಅಕ್ಕ: ಆ ವರ್ಷದ ಕಪ್ ಯಾರ ಮನೇಲಿದೆ ಅಣ್ಣ?

ವಿಶ್ಲೇಷಕರು: ಸೋತದ್ದು ನಿಜ. ಆ ವರ್ಷ ಸೆಂಟರ್ ಆಗಿ ಹಿಂಜ್‌ಮನ್‌ಗೆ ಅದು ಎರಡನೇ ಆರಂಭ, ಎದುರಿಗೆ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್. ಡೆಪ್ತ್ ಮೊದಲ ದಿನವೇ ಸ್ಟಾರ್ಟರ್ ಥರ ಆಡಲ್ಲ. ಮೂರು ವಾರ ಸಿಕ್ಕ ಮೇಲೆ ನಾಲ್ಕು ಪ್ಲೇಆಫ್ ಪಂದ್ಯ ಗೆದ್ದರು.

ಡಲ್ಲಾಸ್ ತಮ್ಮ: ಜ್ಯಾಕ್ಸನ್ ಕೂಡ ಹೈಸ್ಕೂಲಲ್ಲೇ ಐದು ಸ್ಟಾರ್ ರೇಟಿಂಗ್ ಸಿಕ್ಕ ಹುಡುಗ ಸರ್. ಅಂದ್ರೆ ಡೆಪ್ತೂ ಸ್ಟಾರ್‌ಗಳದ್ದೇ ಅಲ್ವಾ?

ವಿಶ್ಲೇಷಕರು: ಒಳ್ಳೆ ಮಾತು. ಅವನನ್ನ ಹೈಸ್ಕೂಲಿಂದ ತಂದು ವರ್ಷಗಟ್ಟಲೆ ಬೆಳೆಸಿದ್ದು ಅನ್ನೋದನ್ನೂ ಸೇರಿಸಿಕೊಳ್ಳಿ.

ಬ್ಲೂಮಿಂಗ್ಟನ್ ಮಾವ: [ಫಾರ್ವರ್ಡ್] ರೋಸ್ಟರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾಲ್ಕು-ಐದು ಸ್ಟಾರ್ ಇಲ್ಲದೆ ಯಾರೂ ಚಾಂಪಿಯನ್ ಆಗಲ್ಲ!! ಎಲ್ಲರಿಗೂ ಹಂಚಿ!!

ವಿಶ್ಲೇಷಕರು: ಮಾವ, ನೀವಿರೋ ಊರಿನ ತಂಡವೇ 2025ರಲ್ಲಿ ಅದನ್ನ ಸುಳ್ಳು ಮಾಡಿತು. ಇಂಡಿಯಾನಾ 16-0 (16 ಗೆಲುವು, ಸೋಲಿಲ್ಲ), ಫೈನಲ್‌ನಲ್ಲಿ ಮಯಾಮಿ ಮೇಲೆ 27-21. ಕ್ಯೂಬಿ ಮೆಂಡೋಸಾನನ್ನ ಕೊಂಡು ತಂದದ್ದು ಹೌದು. ಆದರೆ ಕೋಚ್ ಸಿಗ್ನೆಟ್ಟಿ 2024ರಲ್ಲೇ ತಮ್ಮ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ 13 ಜನರನ್ನ ಕರೆತಂದು ಅಡಿಪಾಯ ಹಾಕಿದ್ದರು. ಆ ಹುಡುಗರಿಗೆ ಕೋಚ್ ಪದ್ಧತಿ ಮೊದಲೇ ಗೊತ್ತಿತ್ತು. ಇನ್ನೊಂದು ಕಡೆ ನೋಡಿ, ಟೆಕ್ಸಾಸ್ ಎ ಅಂಡ್ ಎಂ 2022ರಲ್ಲಿ ದೇಶದ ನಂಬರ್ ಒನ್ ಹೈಸ್ಕೂಲ್ ಬ್ಯಾಚ್ ತಂದು ಅದೇ ವರ್ಷ 5-7. ಫಾರ್ವರ್ಡ್ ಹಾಕೋ ಮೊದಲು ಕ್ಯಾಲೆಂಡರ್ ನೋಡಿ.

ಟಲಹಾಸಿ ಹುಡುಗ: ಫ್ಲೋರಿಡಾ ಸ್ಟೇಟ್ 2023ರಲ್ಲಿ 13-0 ಇದ್ದು ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಹತ್ರ 63-3 ಸೋತದ್ದು ಯಾಕೆ?

ವಿಶ್ಲೇಷಕರು: ಕ್ಯೂಬಿ ಟ್ರಾವಿಸ್‌ಗೆ ಗಾಯ, ಎರಡನೆಯವ ಪೋರ್ಟಲ್‌ಗೆ, ಆಡಿದವ ಮೂರನೆಯವ. ಬೇರೆ ಜಾಗಗಳಲ್ಲೂ ತುಂಬ ಜನ ಆಡಲೇ ಇಲ್ಲ. ಮುಂದಿನ ವರ್ಷ ಕ್ಯೂಬಿ ಕೊಂಡು ತಂದರು, 2-10.

ಫೀನಿಕ್ಸ್ ಭಾವ: ಸೀಸನ್ ಮಧ್ಯೆ ಯಾರಿಗಾದ್ರೂ ಗಾಯ ಆದ್ರೆ ಪೋರ್ಟಲಿಂದ ತಂದು ತುಂಬಬಹುದು ಅಂತ ಒಂದು ವಿಡಿಯೋ ನೋಡಿದೆ.

ವಿಶ್ಲೇಷಕರು: ಸುಳ್ಳು. 2026ರಲ್ಲಿ ಪೋರ್ಟಲ್‌ನ ಮುಖ್ಯ ಕಿಟಕಿ ಜನವರಿ 2ರಿಂದ 16ರವರೆಗೆ ಇತ್ತು. ವಸಂತದ ಕಿಟಕಿಯೂ ಹೋಯ್ತು. ಅಕ್ಟೋಬರ್‌ನಲ್ಲಿ ನಿಮ್ಮ ಬೆಂಚಲ್ಲಿ ಕೂತಿರೋರೇ ಗತಿ. 2024ರಲ್ಲಿ ಯುಎನ್‌ಎಲ್‌ವಿ 3-0 ಇದ್ದಾಗ ಕ್ಯೂಬಿ ಸ್ಲೂಕಾ ದುಡ್ಡಿನ ತಕರಾರಲ್ಲಿ ಬಿಟ್ಟು ಹೋದ. ಬೆಂಚಿನ ಹಜ್-ಮಲಿಕ್ ವಿಲಿಯಮ್ಸ್ ಇಳಿದ, ಸೀಸನ್ ಮುಗಿದದ್ದು 11-3.

ನ್ಯೂಜೆರ್ಸಿ ಅತ್ತಿಗೆ: ಸರ್, ಮಗ ಲಾಂಗ್ ಸ್ನ್ಯಾಪರ್ (ಚೆಂಡು ಒದೆಯೋ ಆಟದಲ್ಲಿ ದೂರಕ್ಕೆ ಸ್ನ್ಯಾಪ್ ಹಾಕೋವ), H-4ನಲ್ಲಿದ್ದಾನೆ (H-1B ಕೆಲಸಗಾರರ ಕುಟುಂಬದ ವೀಸಾ). ಎನ್‌ಐಎಲ್ (ಆಟಗಾರನ ಹೆಸರು, ಮುಖ ಬಳಸೋದಕ್ಕೆ ಸಿಗೋ) ದುಡ್ಡು ತಗೋಬಹುದಾ? ಇನ್ನೊಂದು, 105ರಲ್ಲಿ ಸ್ನ್ಯಾಪರ್‌ಗೆ ಎಷ್ಟು ಜಾಗ ಇರುತ್ತೆ?

ಡಲ್ಲಾಸ್ ತಮ್ಮ: ಬೆಂಗಳೂರಿಗೆ ಕರ್ಕೊಂಡು ಹೋಗಿ ಅಲ್ಲಿ ಜಾಹೀರಾತು ಶೂಟ್ ಮಾಡಿಸಿ ಅತ್ತಿಗೆ, ಎಲ್ಲರೂ ಹಂಗೇ ಮಾಡ್ತಾರಂತೆ.

ವಿಶ್ಲೇಷಕರು: ತಮ್ಮ, ಇಂಥ ಸಲಹೆ ದಯವಿಟ್ಟು ಬೇಡ. H-4ನಲ್ಲಿರೋ ಮಕ್ಕಳಿಗೆ ಕೆಲಸ ಮಾಡೋ ಅನುಮತಿ ಇಲ್ಲ. ಅತ್ತಿಗೆ, ವಲಸೆ ವಕೀಲರನ್ನ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ. ಒಂದು ತಪ್ಪು ಸಹಿಗೆ ವೀಸಾನೇ ಹೋಗಬಹುದು.

ಡಲ್ಲಾಸ್ ತಮ್ಮ: ನಾನು ಕೇಳಿದ್ದನ್ನ ಹೇಳಿದೆ, ಅಷ್ಟಕ್ಕೇ ಬೈಬೇಕಾ?

ಆನ್ ಆರ್ಬರ್ ಅಣ್ಣ: ಕೇಳಿದ್ದನ್ನೆಲ್ಲ ಹೇಳೋಕೆ ಇದೇನು ಕಟ್ಟೆ ಪಂಚಾಯ್ತೀನಾ?

ಕೊಲಂಬಸ್ ಅಕ್ಕ: ಕಪ್ ಇಲ್ಲದವರು ಪಂಚಾಯ್ತಿ ಮಾತಾಡಬಾರದು.

ಆನ್ ಆರ್ಬರ್ ಅಣ್ಣ: 2023ರ ಕಪ್ ನಮ್ದೇ ಅಕ್ಕ, ಮರೆತು ಹೋಯ್ತಾ?

ಅಡ್ಮಿನ್: ವಿಷಯಕ್ಕೆ ಬನ್ನಿ.

ಆಸ್ಟಿನ್ ಸ್ನೇಹಿತ: ಸರ್, ಕ್ಯೂಬಿಗೆ ಎಷ್ಟು ಕೊಡಬಹುದು?

ವಿಶ್ಲೇಷಕರು: ಮೇಲೆ ಓದಿ.

ಫೀನಿಕ್ಸ್ ಭಾವ: 20.5 ಮಿಲಿಯನ್ ಪೂರ್ತಿ ಫುಟ್ಬಾಲ್‌ಗೇನಾ?

ವಿಶ್ಲೇಷಕರು: ಅಲ್ಲ. ಇದೂ ಮೇಲಿದೆ.

ನ್ಯೂಜೆರ್ಸಿ ಅತ್ತಿಗೆ: ಸರ್, ಸ್ನ್ಯಾಪರ್ ಜಾಗದ ಬಗ್ಗೆ ಹೇಳಲೇ ಇಲ್ಲ...

ಬ್ಲೂಮಿಂಗ್ಟನ್ ಮಾವ: [ಫಾರ್ವರ್ಡ್] ಈ 3 ಪೊಸಿಷನ್ ಕೊಂಡರೆ ಕಪ್ ಗ್ಯಾರಂಟಿ!!

ಅಡ್ಮಿನ್: ಮಾವ!