ನಮ್ಮ ಸ್ಪೈರೋಮೀಟರ್ ಜರ್ಮನಿಗೆ ಹೋದರೆ ಡೇಟಾ ಯಾರಿಗೆ ಕೊಡಬೇಕು?

ಪ್ರಶ್ನೆ (ಹುಬ್ಬಳ್ಳಿ): ಗೋಕುಲ ರಸ್ತೆಯಲ್ಲಿ ನಮ್ಮದು 18 ಜನರ ಕಂಪನಿ. ಊದಿದ ಉಸಿರಿನಿಂದ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರ್ ಮಾಡುತ್ತೇವೆ. ಊದಿದ ತಕ್ಷಣ ರೀಡಿಂಗ್ ಬ್ಲೂಟೂತ್‌ನಲ್ಲಿ ಮೊಬೈಲಿಗೆ, ಅಲ್ಲಿಂದ ನಮ್ಮ ಸರ್ವರಿಗೆ ಹೋಗುತ್ತದೆ. ಜರ್ಮನಿಯ ಡೀಲರ್ ಒಬ್ಬರು ಮಾಲು ಕೇಳಿದ್ದಾರೆ, ಜೊತೆಗೆ ‘ಡೇಟಾ ಆಕ್ಟ್‌ಗೆ ತಯಾರಿದ್ದೀರಾ?’ ಅಂತಾನೂ ಕೇಳಿದ್ದಾರೆ. ಡೇಟಾ ಕೊಟ್ಟರೆ ಮೂರು ವರ್ಷ ಕಷ್ಟಪಟ್ಟ ನಮ್ಮ ಅಲ್ಗಾರಿದಮ್ ಕೈಬಿಟ್ಟು ಹೋಗುತ್ತದಾ?

ಉತ್ತರ (ಧಾರವಾಡ, ವೈದ್ಯಕೀಯ ಸಾಧನಗಳ ರೆಗ್ಯುಲೇಟರಿ ಕೆಲಸ): ಹೋಗುವುದಿಲ್ಲ, ಆ ಹೆದರಿಕೆ ಬಿಡಿ. ಡೇಟಾ ಆಕ್ಟ್ ಅಂದರೆ ನೆಟ್‌ಗೆ ಜೋಡಿಸಿದ ಸಾಧನದ ಡೇಟಾ ಅದನ್ನು ಬಳಸುವವರಿಗೂ ಸಿಗಬೇಕು ಅನ್ನುವ ಯುರೋಪ್ ಒಕ್ಕೂಟದ ಕಾನೂನು, 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಕಂಪನಿ ಹುಬ್ಬಳ್ಳಿಯಲ್ಲಿದ್ದರೂ ಮಾಲು ಅಲ್ಲಿ ಮಾರಿದರೆ ಲೆಕ್ಕಕ್ಕೆ ಬರುತ್ತದೆ. ಅದು ಕೇಳುವುದು ಸೆನ್ಸರ್ ಹಿಡಿದದ್ದನ್ನು: ಗಾಳಿಯ ವೇಗ, ಊದಿದ ಸಮಯ, ಯಾವ ಯೂನಿಟ್ ಅಂತ. ನಿಮ್ಮ ಸಾಫ್ಟ್‌ವೇರ್ ಅದರಿಂದ ಲೆಕ್ಕ ಹಾಕಿ ಕೊಡುವ ‘ಅಸ್ತಮಾ ಅಪಾಯದ ಸ್ಕೋರ್’ ಇದರಲ್ಲಿ ಬರುವುದಿಲ್ಲ. ಬಳಕೆದಾರರು ಕೇಳಿದರೆ ಪುಕ್ಕಟೆ ಕೊಡಬೇಕು, ಅವರು ಹೇಳಿದ ಬೇರೆ ಕಂಪನಿಗೂ ಕೊಡಬೇಕು. ಆ ಕಂಪನಿಯಿಂದ ಮಾತ್ರ ನ್ಯಾಯವಾದ ಶುಲ್ಕ ಕೇಳಬಹುದು. ಒಂದು ಸೂಕ್ಷ್ಮ ಇದೆ. ಸಾಧನ ಕೊಂಡದ್ದು ಆಸ್ಪತ್ರೆಯಾದರೆ ಬಳಕೆದಾರರು ಆಸ್ಪತ್ರೆಯವರು, ಆದರೆ ಉಸಿರು ರೋಗಿಯದ್ದು, ಹಾಗಾಗಿ ಜಿಡಿಪಿಆರ್ (ಯುರೋಪಿನ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನು) ಪ್ರಕಾರ ಕಾನೂನಿನ ಆಧಾರ ಇಲ್ಲದೆ ಆಸ್ಪತ್ರೆಗೂ ಸುಮ್ನೆ ಕೊಡುವಂತಿಲ್ಲ.

ಪ್ರಶ್ನೆ: ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆಯಂತಲ್ವಾ?

ಉತ್ತರ: ಇದೆ. 50ಕ್ಕಿಂತ ಕಡಿಮೆ ಜನ, ವರ್ಷದ ವಹಿವಾಟು ಇಲ್ಲವೇ ಆಸ್ತಿಪಟ್ಟಿ 1 ಕೋಟಿ ಯೂರೋ ಒಳಗಿದ್ದರೆ ಡೇಟಾ ಹಂಚುವ ಈ ಕರ್ತವ್ಯ ಇಲ್ಲ. ಆದರೆ ಡೀಲರ್ ‘ನಮ್ಮ ಬ್ರಾಂಡ್‌ಗೆ ಮಾಡಿಕೊಡಿ’ ಅಂದರೆ ಹುಷಾರು: ಬೇರೆಯವರಿಗಾಗಿ ಸಬ್‌ಕಾಂಟ್ರ್ಯಾಕ್ಟ್ ಮೇಲೆ ತಯಾರಿಸಿದರೆ ವಿನಾಯಿತಿ ಸಿಗುವುದಿಲ್ಲ. ದೊಡ್ಡ ಕಂಪನಿ ಪಾಲುದಾರನಾಗಿ ಒಳಗೆ ಬಂದರೂ ಹಾಗೇ. ಸಹಿ ಹಾಕುವ ಮೊದಲು ಈ ಎರಡನ್ನು ನೋಡಿಕೊಳ್ಳಿ.

ವಿನಾಯಿತಿ ಸಿಕ್ಕರೂ ಡೌನ್‌ಲೋಡ್ ಬಟನ್ ಇಡಿ ಅನ್ನುತ್ತೇನೆ. ನಮ್ಮ ಅಪ್ಪನ ಬಿಪಿ ಮಷೀನ್ ಆ್ಯಪ್‌ನಿಂದ ರೀಡಿಂಗ್ ಹೊರಗೆ ಬರುತ್ತಲೇ ಇರಲಿಲ್ಲ. ಡಾಕ್ಟರಿಗೆ ತೋರಿಸಲು ಎರಡು ತಿಂಗಳ ರೀಡಿಂಗನ್ನು ಅಮ್ಮ ಕಿರಾಣಿ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆದಳು, ಅದರಲ್ಲೂ ನಾಲ್ಕು ದಿನದ್ದು ತಪ್ಪಿತ್ತು. ಈಗಿನ ವಿನ್ಯಾಸದಲ್ಲೇ ಬಟನ್ ಸೇರಿಸಿದರೆ ಖರ್ಚು ಕಡಿಮೆ. 2026ರ ಸೆಪ್ಟೆಂಬರ್ 12ರ ನಂತರ ಅಲ್ಲಿನ ಮಾರುಕಟ್ಟೆಗೆ ಬರುವ ಸಾಧನಗಳಲ್ಲಿ ಡೇಟಾ ಸುಲಭವಾಗಿ ಸಿಗುವಂತೆ ವಿನ್ಯಾಸವೇ ಇರಬೇಕು. ಆಮೇಲೆ ಬ್ರಾಂಡ್ ಆರ್ಡರ್ ಬಂದರೆ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಮತ್ತೆ ಬಿಚ್ಚುವುದು ಬೇಡ.

ಪ್ರಶ್ನೆ: ಡೀಲರ್ ಕೇಳಿದ್ದು ಅವರ ಬ್ರಾಂಡ್ ಹೆಸರಲ್ಲೇ, ಸರ್. ಕರಾರಿನ ಕರಡು ಕಳಿಸುತ್ತೇನೆ, ನೋಡಿ.