ಸ್ಟೀರಿಂಗ್ ವೀಲ್ ಬದಲಾಯಿಸೋರು ಕೇಳಿ: ಭಾನುವಾರದ ಪ್ರಶ್ನೋತ್ತರ

ಮೇಸ್ತ್ರಿ, ಅಂತರಸನಹಳ್ಳಿ: ಇವತ್ತು ಗ್ಯಾರೇಜಿಗೆ ರಜೆ. ಹಳೇ ಕಾರಿಗೆ ಬೇರೆ ಕಂಪನಿ ಸ್ಟೀರಿಂಗ್ ವೀಲ್ ಹಾಕೋ ಬಗ್ಗೆ ಕೇಳೋದಿದ್ದರೆ ಕೇಳಿ. ಕಾರು ಯಾವುದು, ಯಾವ ವರ್ಷದ್ದು, ಮೊದಲು ಅದನ್ನ ಬರೀರಿ.

ಗುಬ್ಬಿ ಗೇಟ್: ನಮಸ್ಕಾರ ಅಣ್ಣ. ವೀಲ್ ಮೋಮೋ ಕಂಪನಿದು, ಅದನ್ನ ಶಾಫ್ಟಿಗೆ ಕೂರಿಸೋ ಬಾಸ್ ಕಿಟ್ ನಾರ್ಡಿ ಕಂಪನಿದು ಸಿಕ್ಕಿದೆ. ತೂತು ಕೂರ್ತಿಲ್ಲ. ಡ್ರಿಲ್ ಹೊಡೆಸಲಾ?

ಮೇಸ್ತ್ರಿ: ಬೇಡಪ್ಪ. ಎರಡಕ್ಕೂ ಆರೇ ಬೋಲ್ಟು, ಆದರೆ ಮೋಮೋ ಬೋಲ್ಟ್ ತೂತುಗಳ ವೃತ್ತದ ಅಡ್ಡಳತೆ 70 ಮಿ.ಮೀ., ನಾರ್ಡಿದು 74. ಎರಡು ಮಿ.ಮೀ. ಪಕ್ಕದಲ್ಲಿ ಹೊಡೆದರೆ ಹಳೇ ತೂತು ಹೊಸದು ಸೇರಿ ಉದ್ದ ಆಗತ್ತೆ, ಬೋಲ್ಟ್ ನಿಲ್ಲಲ್ಲ. ಎರಡೂ ಅಳತೆಗೆ ತೂತಿರೋ ಬಾಸ್ ಸಿಗತ್ತೆ, ಅದನ್ನ ತಗೊಳ್ಳಿ.

ಬಟವಾಡಿ: ವೀಲ್ ಅಗಲ 350 ಮಿ.ಮೀ. ಒಳ್ಳೇದಾ 370 ಒಳ್ಳೇದಾ?

ಮೇಸ್ತ್ರಿ: ಪವರ್ ಸ್ಟೀರಿಂಗ್ ಇದ್ದರೆ 350 ಆಗತ್ತೆ. ಇಲ್ಲದಿದ್ದರೆ 370. ಚಿಕ್ಕದು ಹಾಕಿದರೆ ಪಾರ್ಕಿಂಗಲ್ಲಿ ತೋಳು ಬಿದ್ದೋಗತ್ತೆ.

ಕುಣಿಗಲ್ ಕೆರೆ: ಅಣ್ಣ, ನಂದು 1992ರ ಮಾಜ್ದಾ ಎಂಎಕ್ಸ್-5. ಹೋದ ತಿಂಗಳು ವೀಲ್ ಹಾಕಿಸಿದೆ. ಸ್ಪ್ಲೈನ್ ಸ್ವಲ್ಪ ಲೂಸಿದೆ ಅಂತ ಕೂಲ್‌ಡ್ರಿಂಕ್ ಡಬ್ಬಿ ಕತ್ತರಿಸಿ ಒಳಗೆ ಸುತ್ತಿ ಕೂರಿಸಿದರು. ಈಗ ವೀಲ್ ಒಂದು ಬೆರಳಷ್ಟು ಸುಮ್ನೆ ಆಡತ್ತೆ, ತಿರುಗಿಸಿದಾಗ ಟಕ್ ಅನ್ನತ್ತೆ. ನಿನ್ನೆ ದೇವರಾಯನದುರ್ಗ ಹತ್ತಿ ಇಳಿದೆ, ಏನೂ ಆಗಲಿಲ್ಲ. ಅಲೈನ್‌ಮೆಂಟ್ ಮಾಡಿಸಿದರೆ ಸರಿ ಹೋಗತ್ತಾ?

ಮೇಸ್ತ್ರಿ: ಕಾರು ಎಲ್ಲಿ ನಿಂತಿದೆಯೋ ಅಲ್ಲೇ ಇರಲಿ. ಬೀದಿ ತುದಿ ಅಂಗಡಿಗೂ ತಗೊಂಡು ಹೋಗಬೇಡಿ.

ಸ್ಪ್ಲೈನ್ ಅಂದರೆ ಶಾಫ್ಟ್ ತುದೀಲಿರೋ ಸಣ್ಣ ಹಲ್ಲು. ನಿಮ್ಮ ಕೈಯ ಬಲ ಎಲ್ಲಾ ಚಕ್ರಕ್ಕೆ ಹೋಗೋದು ಆ ಹಲ್ಲಿಂದ. ನಟ್ ಬರೀ ಒತ್ತಿ ಹಿಡಿದಿರತ್ತೆ. ಅಗ್ಗದ ಬಾಸು ಅಲ್ಯೂಮಿನಿಯಂ, ಶಾಫ್ಟು ಉಕ್ಕು. ಸಡಿಲ ಇದ್ದರೆ ಪ್ರತಿ ತಿರುವಲ್ಲೂ ಉಕ್ಕು ಅದನ್ನ ತಿಂತಾ ಹೋಗತ್ತೆ. ನಿಮಗೆ ಕೇಳೋ ಟಕ್ ಅದೇ. ಹಲ್ಲು ಪೂರ್ತಿ ಬೋಳಾದ ದಿನ ವೀಲ್ ನಿಮ್ಮ ಕೈಯಲ್ಲಿ ಗಿರ್ರನೆ ತಿರುಗತ್ತೆ, ಕಾರು ನೆಟ್ಟಗೆ ಹೋಗತ್ತೆ. ನಿನ್ನೆ ದುರ್ಗದ ತಿರುವಲ್ಲಿ ಆಗಿದ್ದಿದ್ದರೆ? ಡಬ್ಬಿ ತಗಡಿಂದ ಲೂಸು ಹೋಗಲ್ಲ, ನಾಲ್ಕು ದಿನ ಗೊತ್ತಾಗದ ಹಾಗೆ ಮುಚ್ಚಿಡತ್ತೆ ಅಷ್ಟೆ. ಅದು ನಿಮ್ಮ ಕಾರಿನ ಬಾಸೇ ಅಲ್ಲ.

ಎರಡು ವಿಷಯ ಹೇಳಿ. ಹಳೇ ವೀಲನ್ನ ಪುಲ್ಲರ್ ಅನ್ನೋ ಎಳೆಯೋ ಸಾಧನ ಹಾಕಿ ತೆಗೆದರಾ, ಶಾಫ್ಟ್ ತಲೆಗೆ ಸುತ್ತಿಗೇಲಿ ಹೊಡೆದರಾ? ಕಾರು ಗುದ್ದಿದಾಗ ಕಾಲಮ್, ಅಂದರೆ ಶಾಫ್ಟ್ ಇರೋ ಕೊಳವೆ, ಕುಸಿದು ಎದೆ ಉಳಿಸಲಿ ಅಂತ ಒಳಗೆ ಪ್ಲಾಸ್ಟಿಕ್ ಪಿನ್ ಇರತ್ತೆ, ಸುತ್ತಿಗೆ ಏಟಿಗೆ ಅದು ಮುರಿಯತ್ತೆ. ಇನ್ನೊಂದು, ಹಳೇ ವೀಲಲ್ಲಿ ಏರ್‌ಬ್ಯಾಗ್ ಇತ್ತಾ? ಆ ಕಾಲದ್ದರಲ್ಲಿ ಇರೋದೂ ಉಂಟು, ಇಲ್ಲದ್ದೂ ಉಂಟು.

ಶಿರಾ ಗೇಟ್: ವೀಲ್ ಹಾಕಿದ ಮೇಲೆ ಹಾರ್ನ್ ಹೊಡೀತಿಲ್ಲ ಅಣ್ಣ.

ಸಿದ್ಧಗಂಗೆ ರೋಡ್: ಎಲ್ಲರಿಗೂ ಉಪಯೋಗ ಆಗ್ಲಿ ಅಂತ, ಫಾರ್ವರ್ಡ್ ಬಂದಿದ್ದು: "ಏರ್‌ಬ್ಯಾಗ್ ಲೈಟ್ ಹೋಗಲು ಹಳದಿ ವೈರ್ ಕತ್ತರಿಸಿ ಒಂದಕ್ಕೊಂದು ಸುತ್ತಿ. ಬ್ಯಾಗ್ ಚೆನ್ನಾಗಿದೆಯಾ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ."

ಮೇಸ್ತ್ರಿ: ಇದನ್ನ ಅಳಿಸಿ. ಬೇಗ. ಅದರೊಳಗೆ ಇರೋದು ಸಿಡಿಮದ್ದು ಸ್ವಾಮಿ, ಕರೆಂಟ್ ತಗುಲಿದರೆ ಸಿಡಿಯತ್ತೆ. ಟೆಸ್ಟ್ ಲ್ಯಾಂಪೂ ಬೇಡ, ಮೀಟರೂ ಬೇಡ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕನೆಕ್ಟರ್ ತೆಗೀಬೇಕು. ಬಿಚ್ಚಿದ ಬ್ಯಾಗನ್ನ ಮುಖ ಮೇಲೆ ಮಾಡಿ ಇಡಬೇಕು. ಫಾರ್ವರ್ಡ್ ಮಾಡಿದವನಿಗೆ ಹತ್ತು ಬೆರಳು ಇದೆಯಾ ಕೇಳಿ.

ಬಟವಾಡಿ: 350 ಹಾಕಿದರೆ ಮೀಟರ್ ಕಾಣತ್ತಾ? 370 ಹಾಕಲಾ?

ಮೇಸ್ತ್ರಿ: ಮೇಲೆ ಬರೆದಿದೀನಿ.

ತಟ್ಟೆ ಇಡ್ಲಿ: ಇದೆಲ್ಲಾ ಕಾನೂನುಬಾಹಿರ ಅಲ್ವಾ? ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಜೊತೆಗೆ 2019ರ ಸುಪ್ರೀಂ ಕೋರ್ಟ್ ತೀರ್ಪು. ಕಂಪನಿ ಕೊಟ್ಟಿದ್ದನ್ನ ಬದಲಾಯಿಸೋ ಹಾಗಿಲ್ಲ.

ಗುಬ್ಬಿ ಗೇಟ್: ಸೈಲೆನ್ಸರ್ ಹಿಡೀತಾರೆ, ಸ್ಟೀರಿಂಗ್ ಯಾರು ನೋಡ್ತಾರೆ ಗುರು.

ತಟ್ಟೆ ಇಡ್ಲಿ: ಒಂದೊಂದು ಬದಲಾವಣೆಗೂ 5,000 ದಂಡ ಇದೆ. ಗುದ್ದಿದ ಮೇಲೆ ಇನ್ಶೂರೆನ್ಸ್‌ನವರು ನೋಡ್ತಾರೆ ಬಿಡಿ.

ಗುಬ್ಬಿ ಗೇಟ್: ನಿಮ್ಮ ಕಾರಿಗೆ ಕೂಲಿಂಗ್ ಪೇಪರ್ ಇಲ್ವಾ? ಹೋದ ಮೀಟಲ್ಲಿ ನೋಡಿದೀನಿ.

ತಟ್ಟೆ ಇಡ್ಲಿ: ಅದು ಬಿಸಿಲಿಗೆ. ವೈಯಕ್ತಿಕ ವಿಷಯ ತೆಗೀಬೇಡಿ.

ಸಿದ್ಧಗಂಗೆ ರೋಡ್: ನಾನು ಒಳ್ಳೇದಕ್ಕೆ ಹಾಕಿದ್ದು. ಇಲ್ಲಿ ಮರ್ಯಾದೆ ಇಲ್ಲ.

ಶಿರಾ ಗೇಟ್: ಹಾರ್ನ್?

ಕುಣಿಗಲ್ ಕೆರೆ: ಅಣ್ಣ, ತಡ್ಕೊಳಕ್ಕಾಗ್ದೆ ನಾನೇ ಬಿಚ್ಚಿದೆ. ಅಲುಗಾಡಿಸಿ ಎಳೆದೆ, ಫಟ್ ಅಂತ ಬಂದು ತುಟಿಗೆ ಬಡೀತು. ಊದಿದೆ. ಬಾಸ್ ಒಳಗೆ ಹಲ್ಲು ಅರ್ಧ ಇಲ್ಲ, ಬೆಳ್ಳಿ ಪುಡಿ ಉದುರ್ತು. ತಗಡು ಕರಿ ಆಗಿ ಮುದ್ದೆ ಆಗಿದೆ. ಹಳೇದು ತೆಗೆಯುವಾಗ ಸುತ್ತಿಗೇನೇ ಹೊಡೆದಿದ್ದು.

ಮೇಸ್ತ್ರಿ: ನಟ್ಟನ್ನ ಮೂರ್ನಾಲ್ಕು ಸುತ್ತು ಶಾಫ್ಟಲ್ಲೇ ಬಿಟ್ಟು ಎಳೀಬೇಕು, ಮುಖಕ್ಕೆ ಬಡಿಯಲ್ಲ. ಶಾಫ್ಟಿನ ಹಲ್ಲಿನ ಫೋಟೋ ಕಳಿಸಿ, ಟಾರ್ಚ್ ಅಡ್ಡ ಹಿಡಿದು. ಕಾಲಮ್ ನಾನೇ ಬಿಚ್ಚಿ ನೋಡಬೇಕು. ಹಳೇ ವೀಲ್ ಇದೆಯಲ್ಲ? ಕಾಲಮ್ ಸರಿಯಿದ್ದರೆ ಅದನ್ನೇ ಹಾಕಿ, ನಟ್ಟಿಗೆ ಬಿಗಿತ ಅಳೆಯೋ ಟಾರ್ಕ್ ರೆಂಚಲ್ಲಿ 39ರಿಂದ 49 ನ್ಯೂಟನ್ ಮೀಟರ್ ಕೊಡೋಣ.

ಕುಣಿಗಲ್ ಕೆರೆ: ಗುಜರಿಗೆ ಹಾಕಿದೆ ಅಣ್ಣ. 200 ಕೊಟ್ಟರು.

ಮೇಸ್ತ್ರಿ: ಇವತ್ತೇ ಹೋಗಿ ಕೇಳಿ, 500 ಆದರೂ ಕೊಟ್ಟು ವಾಪಸ್ ತಗೊಳ್ಳಿ. ನಾಳೆ ಬೆಳಿಗ್ಗೆ ಕಾರು ಹೊತ್ತು ತರೋ ಫ್ಲ್ಯಾಟ್‌ಬೆಡ್ ಕಳಿಸ್ತೀನಿ.

ಬಟವಾಡಿ: ಅಣ್ಣ, ಫೈನಲ್ ಆಗಿ 350 ಅಲ್ವಾ?