ಪದಚರ್ಚೆ: ಗಾಡಿಗೆ ಹತ್ತಿದ್ದು ಅಂಟೋ, ರಾಳವೋ, ಜಿಗಿಯೋ?

ಎಲ್ಲರಿಗೂ ಶರಣು.

ಕಲಬುರಗಿಯಲ್ಲಿ ನನ್ನ ಪರಿಚಯದವರೊಬ್ಬರು ಕ್ಯಾರವಾನ್ (ಒಳಗೇ ಮಲಗಿ ಉಳಿಯಬಹುದಾದ ಪ್ರವಾಸದ ಗಾಡಿ) ಬಾಡಿಗೆಗೆ ಬಿಡುತ್ತಾರೆ. ಅದನ್ನು ತೊಳೆಯುವ ಹುಡುಗರಿಗಾಗಿ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯಲ್ಲಿ ‘ಟ್ರೀ ಸ್ಯಾಪ್’ ಅಂತ ಒಂದೇ ಮಾತಿದೆ. ಅದಕ್ಕೆ ‘ಗಿಡದ ಅಂಟು’ ಎಂದು ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ. (ದಕ್ಷಿಣದವರು ಗಮನಿಸಿ: ನಮ್ಮ ಕಡೆ ಗಿಡ ಅಂದರೆ ಮರವೇ.) ಗಿಡದಿಂದ ಇಳಿಯುವ ಒಂದೊಂದಕ್ಕೂ ನಮ್ಮಲ್ಲಿ ಬೇರೆ ಹೆಸರಿದೆ, ತೆಗೆಯುವ ರೀತಿಯೂ ಬೇರೆ. ಹೆಸರು ತಪ್ಪಿದರೆ ಹುಡುಗರು ತಪ್ಪು ಡಬ್ಬಿಗೆ ಕೈಹಾಕುತ್ತಾರೆ.

ಅಂಟು ಅಂದರೆ ಜಾಲಿ, ಬೇವಿನ ತೊಗಟೆ ಒಡೆದಲ್ಲಿ ಜೇನುಬಣ್ಣದ ಗುಂಡಾಗಿ ಕಟ್ಟಿ ನಿಲ್ಲುತ್ತದಲ್ಲ, ಅದು. ಬಾಣಂತಿಗೆ ಅಂಟಿನುಂಡಿ ಕಟ್ಟುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉರ್ದು ಮಾತಾಡುವ ನೆರೆಯವರು ಗೋಂದ್ ಅನ್ನುತ್ತಾರೆ. ಇದು ನೀರಿಗೆ ಬಗ್ಗುತ್ತದೆ. ಗಾಡಿಯ ಮೇಲೆ ಒಣಗಿ ಕೂತಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಮೇಲೆ ಹಾಸಿ ಬಿಡಬೇಕು. ನೆನೆದಂತೆ ಅಂಚು ಮೆತ್ತಗಾಗಿ, ಬೆರಳಿಗೆ ಜಾರತೊಡಗಿ, ಬಟ್ಟೆಯೊಂದಿಗೇ ಎದ್ದು ಬರುತ್ತದೆ. ಚಾಕು, ಬ್ಲೇಡು ಮುಟ್ಟಿಸುವ ಅಗತ್ಯವೇ ಇಲ್ಲ.

ರಾಳದ ಗುಣ ಇದಕ್ಕೆ ಪೂರ್ತಿ ವಿರುದ್ಧ. ಬೀದರಿನವರಿಗೆ ಈ ಪದ ಪುಸ್ತಕದ್ದಲ್ಲ: ಬಿದರಿ ಪಾತ್ರೆಯ ಅಚ್ಚು ಮಾಡುವಾಗ ಮಣ್ಣಿಗೆ ಹರಳೆಣ್ಣೆ, ರಾಳ ಸೇರಿಸಿ ಹದ ಮಾಡುತ್ತಾರೆ. ಊಟಿ ಕಡೆಯ ಪೈನ್ ತೋಪಿನಲ್ಲಿ ನಿಂತು ಬಂದ ಗಾಡಿಗೆ ಹತ್ತುವುದು ಇದೇ. ಎಷ್ಟು ನೀರು ಸುರಿದರೂ ಕರಗದು. ಬಣ್ಣದ ಮೇಲೆ, ಫೈಬರ್ ಮೈಮೇಲೆ ಐಸೋಪ್ರೊಪೈಲ್ ಸ್ಪಿರಿಟ್ ಬೇಕಾಗುತ್ತದೆ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಬೇಕು; ಬಣ್ಣ ಬಟ್ಟೆಗೆ ಬರದಿದ್ದರೆ ಮಾತ್ರ ಮುಂದಿನ ಕೆಲಸ. ಬಟ್ಟೆಗೆ ಸ್ಪಿರಿಟ್ ಹಾಕಿ ಕಲೆಯ ಮೇಲೆ ಒತ್ತಿ ಹಿಡಿಯಬೇಕು, ತಿಕ್ಕಬಾರದು. ಆಮೇಲೆ ಸೋಪಿನ ನೀರಲ್ಲಿ ತೊಳೆದು ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ಪಾಲಿಶ್ ಹಚ್ಚಬೇಕು, ಯಾಕಂದರೆ ಸ್ಪಿರಿಟ್ ಇದ್ದ ವ್ಯಾಕ್ಸನ್ನೂ ಒಯ್ಯುತ್ತದೆ. ಪೇಂಟರ್ ಹತ್ತಿರದ ಥಿನ್ನರ್ ಮಾತ್ರ ಬೇಡವೇ ಬೇಡ. ನಮ್ಮ ಬ್ಯಾಸಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ತಗಡಿನ ಮೇಲೆ ಸ್ಪಿರಿಟ್ ಕೆಲಸ ಮಾಡುವ ಮೊದಲೇ ಹಾರಿಹೋಗುತ್ತದೆ, ಹಾಗಾಗಿ ಬೆಳಿಗ್ಗೆಯ ತಂಪಿನಲ್ಲಿ, ನೆರಳಲ್ಲಿ ಮಾಡಬೇಕು.

ಇನ್ನು ಮೂರನೆಯದು. ನನ್ನ ಮುಖ್ಯ ಪ್ರಶ್ನೆ ಇದರದ್ದೇ. ಮಾವು ಹೂ ಬಿಟ್ಟ ಕಾಲದಲ್ಲಿ ಗಿಡದ ಕೆಳಗೆ ರಾತ್ರಿ ನಿಂತ ಗಾಡಿಯ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು ಮುತ್ತಿರುತ್ತವೆ. ಜನ ಇದನ್ನೂ ಗಿಡದ ಅಂಟು ಅಂದುಕೊಳ್ಳುತ್ತಾರೆ. ನಿಜವಾಗಿ ಇದು ಜಿಗಿಹುಳ, ಸಸ್ಯಹೇನುಗಳು ಎಲೆ-ಹೂವಿನ ರಸ ಹೀರಿ ಹೊರಬಿಟ್ಟ ಸಕ್ಕರೆಯ ದ್ರವ. ಬಿಟ್ಟರೆ ಧೂಳು ಹಿಡಿದು, ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಸ್ಪಿರಿಟ್ಟಿನ ಗೊಡವೆಯೇ ಬೇಡ. ಅಂದಂದೇ ನೀರು, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಕೃಷಿ ಬರಹಗಳಲ್ಲಿ ಇದಕ್ಕೆ ‘ಸಿಹಿಯಾದ ಅಂಟು ದ್ರವ’ ಅನ್ನುತ್ತಾರೆ. ಅರ್ಥ ಸರಿಯಿದೆ, ಆದರೆ ‘ಅಂಟು’ ಮತ್ತೆ ಬಂದು ಗೊಂದಲ. ನಮ್ಮ ಮಾತಿನಲ್ಲಿ ‘ಮಾವಿನ ಗಿಡದ ಕೆಳಗ ಗಾಡಿ ಹಚ್ಚಬ್ಯಾಡ್ರಿ, ಜಿಗಿ ಬೀಳ್ತದ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ರೊಟ್ಟಿ ಹಿಟ್ಟಿಗೆ ಜಿಗಿ ಇಲ್ಲ ಅನ್ನುವಾಗಿನ ಪದವೂ ಇದೇ. ನನಗೆ ‘ಜಿಗಿ’ಯೇ ಇಷ್ಟ. ಆದರೆ ಸೂಚನೆ ಮೈಸೂರು ಕಡೆಯ ಚಾಲಕರ ಕೈಗೂ ಹೋಗುತ್ತದೆ. ಅಲ್ಲಿ ಜಿಗಿ ಅಂದರೆ ಹಾರು ಅಂತಲೇ ಮೊದಲು ಹೊಳೆಯುತ್ತದೆ.

‘ಸೊನೆ’ ಅನ್ನುವ ಪದವನ್ನು ಮಾವಿನ ತೊಟ್ಟು ಮುರಿದಾಗ ಚಿಮ್ಮುವ ರಸಕ್ಕಷ್ಟೇ ಇಟ್ಟುಕೊಂಡಿದ್ದೇನೆ. ಚರ್ಮ ಸುಡುವ ವಸ್ತು, ಬಿದ್ದ ಕೂಡಲೇ ತೊಳೆಯಬೇಕು.

ಜೊತೆಗೆ ಇನ್ನೊಂದು ಪದ ಕಾಡುತ್ತಿದೆ: ಗಾಜು. ಕ್ಯಾರವಾನಿನ ಹಿಂಬದಿಯ ಕಿಟಕಿಗಳು ಸಾಮಾನ್ಯವಾಗಿ ಅಕ್ರಿಲಿಕ್, ಗಾಜಲ್ಲ. ‘ಕಿಟಕಿ ಗಾಜು’ ಎಂದು ಬರೆದರೆ ಹುಡುಗರು ಮನೆ ಗಾಜಿಗೆ ಹಚ್ಚಿದಂತೆ ಸ್ಪಿರಿಟ್ ಹಚ್ಚುತ್ತಾರೆ. ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕು ಬಲೆಬಲೆಯಾಗಿ ಏಳುತ್ತವೆ, ಮತ್ತೆ ಸರಿಹೋಗುವುದಿಲ್ಲ. ಅಲ್ಲಿ ಸೋಪಿನ ನೀರು, ಮೆತ್ತನೆ ಬಟ್ಟೆ, ತಾಳ್ಮೆ ಇಷ್ಟೇ. ಸದ್ಯಕ್ಕೆ ‘ಪ್ಲಾಸ್ಟಿಕ್ ಕಿಟಕಿ’ ಎಂದು ಬರೆದಿದ್ದೇನೆ.

ಹಾಗಾಗಿ ಕೇಳುವುದಿಷ್ಟು. ಹುಳ ಬಿಡುವ ಆ ಸಿಹಿ ಚುಕ್ಕೆಗೆ ನಿಮ್ಮ ಊರಿನ ರೈತರು ಏನನ್ನುತ್ತಾರೆ? ಯಾದಗಿರಿ ಕಡೆ ಹತ್ತಿ ಬೆಳೆಯುವವರು, ಬೀದರ್ ಕಡೆ ಜೋಳ ಬೆಳೆಯುವವರು ದಯವಿಟ್ಟು ಬರೆಯಿರಿ. ‘ಪ್ಲಾಸ್ಟಿಕ್ ಕಿಟಕಿ’ಗಿಂತ ಒಳ್ಳೆಯ, ಆದರೆ ಗ್ಯಾರೇಜಿನಲ್ಲಿ ಕೂಡಲೇ ತಿಳಿಯುವ ಮಾತಿದ್ದರೆ ಅದನ್ನೂ ತಿಳಿಸಿ. ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ.